ಕಥೆಯ ಗೇಮ್‌ಗಳ ಬಗ್ಗೆ ಆಳವಾಗಿ ಮಾತಾಡುವುದು ಹೇಗೆ: ಕೈಯಿಂದ ಶುರುಮಾಡಿ

ನಾನು ಮೊದಲ ಸಲ ಉದ್ದವಾಗಿ ಬರೆದದ್ದು ‘ಪೇಪರ್ಸ್, ಪ್ಲೀಸ್’ ಬಗ್ಗೆ. ಲೂಕಸ್ ಪೋಪ್ ಹೆಚ್ಚುಕಮ್ಮಿ ಒಬ್ಬರೇ ಕೂತು ಮಾಡಿ 2013ರಲ್ಲಿ ಬಿಟ್ಟ ಆಟ ಅದು. ಆರ್‌ಸ್ಟೋಟ್ಜ್‌ಕಾ ಅಂತ ಒಂದು ಕಾಲ್ಪನಿಕ ದೇಶ, 1982ನೇ ಇಸವಿ, ಗಡಿಯಲ್ಲೊಂದು ಚೆಕ್‌ಪೋಸ್ಟ್. ನೀವು ಅಲ್ಲಿ ಪಾಸ್‌ಪೋರ್ಟ್ ನೋಡುವ ಗುಮಾಸ್ತ. ನಾಲ್ಕು ಪುಟ ಬರೆದೆ. ಆ ದೇಶದ ಸರ್ಕಾರ ಎಂಥದ್ದು, ಪಕ್ಕದ ದೇಶದ ಜೊತೆ ಯುದ್ಧ ಎಷ್ಟು ವರ್ಷ ನಡೆಯಿತು, ಗುಪ್ತ ಸಂಘಟನೆಗೆ ಏನು ಬೇಕು, ಎಲ್ಲ ಇತ್ತು. ಗೆಳೆಯನಿಗೆ ಓದಲು ಕೊಟ್ಟೆ. ಮುಗಿಸಿ ಅವನು ಕೇಳಿದ್ದು ಒಂದೇ ಮಾತು: “ಸರಿ ಕಣೋ, ದೇಶದ ಕಥೆ ಆಯ್ತು. ಅಲ್ಲಿ ನೀನೇನ್ ಮಾಡ್ತಿದ್ದೆ?”

ಅದು ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಠಸ್ಸೆ ಒತ್ತುತ್ತಿದ್ದೆ. ದಿನವಿಡೀ.

ಕಥೆ ಇರುವ ಗೇಮ್ ಬಗ್ಗೆ ಮಾತಾಡುವಾಗ ನಾವು ಅದನ್ನು ಉದ್ದದ ಸಿನಿಮಾ ಥರ ನೋಡುತ್ತೇವೆ. ಕಥೆ ಚೆನ್ನಾಗಿದೆ, ಗ್ರಾಫಿಕ್ಸ್ ಸೂಪರ್, ಎಂಡಿಂಗ್ ಸ್ವಲ್ಪ ಸಪ್ಪೆ. ಮೂವತ್ತು ಗಂಟೆ ಆಡಿದ್ದೇವಲ್ಲ, ಅಷ್ಟೂ ಹೊತ್ತು ಕೈ ಏನು ಮಾಡುತ್ತಿತ್ತು ಅನ್ನುವುದು ಮಾತಿಗೇ ಬರುವುದಿಲ್ಲ. ಕೆಳಗಿನ ಹೆಜ್ಜೆಗಳನ್ನು ನಾನು ಆ ಪ್ರಶ್ನೆಯಿಂದ ಕಟ್ಟಿಕೊಂಡಿದ್ದೇನೆ.

ಒಂದು ಎಚ್ಚರಿಕೆ. ‘ಪೇಪರ್ಸ್, ಪ್ಲೀಸ್’, ‘ದ ಲಾಸ್ಟ್ ಆಫ್ ಅಸ್’ ಮೊದಲ ಭಾಗ, ‘ದ ವಾಕಿಂಗ್ ಡೆಡ್’ ಮೊದಲ ಸೀಸನ್, ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’, ‘ಮಾಸ್ ಎಫೆಕ್ಟ್ 3’ – ಇವುಗಳ ಕಥೆ ಇಲ್ಲಿ ಬಯಲಾಗುತ್ತದೆ. ಆಡಬೇಕು ಅಂತಿದ್ದರೆ ಆಡಿಯೇ ಬನ್ನಿ.

ಹೆಜ್ಜೆ 1: ಮೊದಲ ಸಲ ಸುಮ್ನೆ ಆಡಿ

ಮೊದಲ ಸಲ ಆಡುವಾಗಲೇ ವಿಮರ್ಶಕರಾಗಲು ಹೋಗಬೇಡಿ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟು ಥೀಮ್, ಸಂಕೇತ ಅಂತ ಬರೆಯುತ್ತಾ ಕೂತರೆ ಆಟ ಕೈಗೆ ಹತ್ತುವುದಿಲ್ಲ. ವಾಕ್‌ಥ್ರೂ (ಹೇಗೆ ಆಡಬೇಕೆಂದು ಹಂತ ಹಂತವಾಗಿ ತೋರಿಸುವ ಗೈಡ್) ನೋಡಬೇಡಿ. ಸಬ್‌ಟೈಟಲ್ ಹಾಕಿಕೊಳ್ಳಿ, ಆಮೇಲೆ ಡೈಲಾಗ್ ಸರಿಯಾಗಿ ಉದ್ಧರಿಸಲು ಅನುಕೂಲ. ಯಾವ ಡಿಫಿಕಲ್ಟಿಯಲ್ಲಿ ಆಡಿದಿರಿ ಅಂತ ಮಾತ್ರ ಬರೆದಿಟ್ಟುಕೊಳ್ಳಿ. ಈಸಿಯಲ್ಲಿ ಆಡಿದವರಿಗೆ ಗುಂಡು ಯಾವತ್ತೂ ಖಾಲಿಯಾಗುವುದಿಲ್ಲ. ಹಾರ್ಡ್‌ನಲ್ಲಿ ಆಡಿದವರಿಗೆ ಪ್ರತಿ ಗುಂಡೂ ಲೆಕ್ಕದ್ದು. ಇಬ್ಬರೂ ಒಂದೇ ಕಥೆ ಆಡಿರುವುದಿಲ್ಲ.

ಒಂದನ್ನು ಮಾತ್ರ ಗುರುತು ಹಾಕಿ: ಕೈ ತಡವರಿಸಿದ ಜಾಗ. ಬಟನ್ ಒತ್ತಲು ಮನಸ್ಸಾಗದೆ ನಿಂತಿರಿ. ಯಾರೂ ಹೇಳದಿದ್ದರೂ ಒಂದು ಕಡೆ ಕಾದಿರಿ. ಹಳೇ ಸೇವ್ ಲೋಡ್ ಮಾಡಿ ಮತ್ತೆ ಬಂದಿರಿ. ಬೇಜಾರಾಗಿ ಡೈಲಾಗ್ ಸ್ಕಿಪ್ ಮಾಡಿದಿರಿ. ಎಲ್ಲಕ್ಕೂ ಒಂದೊಂದು ಸಾಲು ಸಾಕು. ‘1 ಗಂಟೆ 12 ನಿಮಿಷ, ಬಾಗಿಲು ತೆರೆಯದೆ ನಿಂತೆ’ ಅಂತ. ಕಾರಣ ಆಮೇಲೆ ಹುಡುಕೋಣ. ಬೇಜಾರಾದ ಜಾಗವನ್ನೂ ಮುಚ್ಚಿಡದೆ ಬರೆಯಿರಿ. ದೊಡ್ಡ ಹೆಸರಿನ ಗೇಮ್ ಆದರೆ ‘ನನಗೇ ಅರ್ಥವಾಗಿಲ್ಲವೇನೋ’ ಅಂತ ಜನ ಅದನ್ನೇ ಮೊದಲು ಬಿಟ್ಟುಬಿಡುತ್ತಾರೆ.

ಹೆಜ್ಜೆ 2: ಕ್ರಿಯಾಪದಗಳ ಪಟ್ಟಿ ಮಾಡಿ

ನನ್ನ ಮಟ್ಟಿಗೆ ಇಡೀ ಕೆಲಸದ ಬೆನ್ನೆಲುಬು ಇದು. ಆಟ ಮುಗಿದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಕಥೆ ಬರೆಯಬೇಡಿ, ಪಾತ್ರಗಳ ಹೆಸರು ಬರೆಯಬೇಡಿ. ನಿಮ್ಮ ಕೈ ಮಾಡಿದ ಕೆಲಸಗಳನ್ನು ಮಾತ್ರ ಬರೆಯಿರಿ. ನಡೆದೆ, ಹುಡುಕಿದೆ, ಬಚ್ಚಿಟ್ಟುಕೊಂಡೆ, ಕತ್ತು ಹಿಸುಕಿದೆ, ಡ್ರಾಯರ್ ಎಳೆದೆ, ಏಣಿ ಹೊತ್ತೆ. ಪ್ರತಿಯೊಂದರ ಮುಂದೆ ಅಂದಾಜಿಗೆ ಎಷ್ಟು ಹೊತ್ತು ಅಂತ ಹಾಕಿ. ಹೆಚ್ಚಿನ ಸಲ ನಿಮಗೇ ಆಶ್ಚರ್ಯವಾಗುತ್ತದೆ. ‘ಪ್ರೀತಿಯ ಕಥೆ’ ಅಂದುಕೊಂಡ ಗೇಮ್‌ನಲ್ಲಿ ಮುಕ್ಕಾಲು ಪಾಲು ಹೊತ್ತು ಡ್ರಾಯರ್ ಎಳೆದಿರುತ್ತೀರಿ.

‘ಪೇಪರ್ಸ್, ಪ್ಲೀಸ್’ಗೆ ನಾನು ಮಾಡಿದ ಪಟ್ಟಿ: ಕಾಗದ ಎಳೆದೆ, ಪಕ್ಕಕ್ಕೆ ಸರಿಸಿದೆ, ತಾರೀಖು ನೋಡಿದೆ, ಫೋಟೊ ನೋಡಿದೆ, ಮುಖ ನೋಡಿದೆ, ಠಸ್ಸೆ ಒತ್ತಿದೆ, ವಾಪಸ್ ಕೊಟ್ಟೆ. ಮೇಜು ಚಿಕ್ಕದು, ಕಾಗದಗಳು ಒಂದರ ಮೇಲೊಂದು ಬೀಳುತ್ತವೆ. ಸಮಯ ಓಡುತ್ತಿರುತ್ತದೆ. ಸರಿಯಾಗಿ ಮುಗಿಸಿದ ಒಬ್ಬೊಬ್ಬರಿಗೆ 5 ಕ್ರೆಡಿಟ್. ಸಂಜೆ ಲೆಕ್ಕ ಬರುತ್ತದೆ: ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ. ದುಡ್ಡು ಸಾಲದಿದ್ದರೆ ಅವರ ಹೆಸರಿನ ಪಕ್ಕ ‘ಹಸಿವು’, ‘ಚಳಿ’ ಅಂತ ಬರುತ್ತದೆ. ಅವರ ಮುಖ ನೋಡುತ್ತಾ ನೀವು ಆಡುವುದಿಲ್ಲ. ಸಂಜೆಯ ಲೆಕ್ಕದಲ್ಲಿ ಒಂದೊಂದು ಸಾಲು, ಅಷ್ಟೆ.

ಒಂದು ದಿನ ಕಿಟಕಿಗೆ ಒಬ್ಬ ಗಂಡಸು ಬರುತ್ತಾನೆ. ಕಾಗದ ಸರಿಯಾಗಿದೆ. ಒಳಗೆ ಬಿಡುತ್ತೀರಿ. ನನ್ನ ಹಿಂದೆಯೇ ಹೆಂಡತಿ ಇದ್ದಾಳೆ, ಸ್ವಲ್ಪ ನೋಡಿಕೊಳ್ಳಿ ಅಂತ ಹೇಳಿ ಹೋಗುತ್ತಾನೆ. ಅವಳು ಬರುತ್ತಾಳೆ. ಪ್ರವೇಶ ಪರವಾನಗಿ ಇಲ್ಲ. ವಾಪಸ್ ಕಳಿಸಿದರೆ ನನ್ನನ್ನು ಕೊಲ್ಲುತ್ತಾರೆ ಅನ್ನುತ್ತಾಳೆ. ಗಂಡ ಆಗಲೇ ಆಚೆ ಬದಿಯಲ್ಲಿದ್ದಾನೆ.

ಈ ದೃಶ್ಯದ ಬಗ್ಗೆ ‘ಮನ ಕಲಕುವಂತಿದೆ’ ಅಂತ ಯಾರು ಬೇಕಾದರೂ ಬರೆಯಬಹುದು. ಕ್ರಿಯಾಪದದ ಪಟ್ಟಿ ಇಟ್ಟುಕೊಂಡು ನೋಡಿದರೆ ಬೇರೆಯೇ ಒಂದು ಕಾಣುತ್ತದೆ. ಈ ಆಟದಲ್ಲಿ ದಿನದ ಮೊದಲ ಎರಡು ತಪ್ಪಿಗೆ ದಂಡ ಇಲ್ಲ, ಬರೀ ಎಚ್ಚರಿಕೆಯ ಚೀಟಿ. ಮೂರನೆಯದರಿಂದ ದುಡ್ಡು ಕಡಿತ. ಅಂದರೆ ಅವಳನ್ನು ಒಳಗೆ ಬಿಡುವುದು ಪುಕ್ಕಟೆಯೋ ದುಬಾರಿಯೋ ಅನ್ನುವುದು ಅವಳ ಕಷ್ಟದ ಮೇಲೆ ನಿಂತಿಲ್ಲ. ಅವತ್ತು ನೀವು ಅದಾಗಲೇ ಎಷ್ಟು ತಾರೀಖು ತಪ್ಪಾಗಿ ಓದಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಇದು ಗೊತ್ತಾದ ಮೇಲೆ ನಾನು ಆಡುವ ರೀತಿಯೇ ಬದಲಾಯಿತು. ಬೆಳಿಗ್ಗೆ ಬಂದವರ ಕಾಗದವನ್ನು ಎರಡೆರಡು ಸಲ ನೋಡತೊಡಗಿದೆ. ಒಂದು ಅಕ್ಷರ ಹೆಚ್ಚುಕಮ್ಮಿ ಇದ್ದರೂ ಕೆಂಪು ಠಸ್ಸೆ. ಯಾಕೆ? ಸಂಜೆ ಯಾರಾದರೂ ಅಳುತ್ತಾ ಬಂದರೆ ಬಿಡಲು ಆ ಎರಡು ತಪ್ಪು ಉಳಿದಿರಲಿ ಅಂತ. ಕರುಣೆ ತೋರಿಸಲು ಬೇಕಾಗಿದ್ದ ಎರಡು ಚೀಟಿಗಾಗಿ ಉಳಿದವರ ಮೇಲೆ ಕಲ್ಲಾಗಿದ್ದೆ. ನಾಲ್ಕು ಪುಟದಲ್ಲಿ ಆ ಸರ್ಕಾರದ ಬಗ್ಗೆ ಬರೆದದ್ದಕ್ಕಿಂತ ಜಾಸ್ತಿ ಇದರಲ್ಲಿದೆ ಅನಿಸುತ್ತದೆ, ಅಲ್ವಾ? ಈ ಮಾತು ಯಾವ ಡೈಲಾಗ್‌ನಲ್ಲೂ ಇಲ್ಲ. ದಂಡದ ನಿಯಮದಲ್ಲಿದೆ.

ಹಾಗಾಗಿ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಆಟ ಯಾವುದಕ್ಕೆ ಬಹುಮಾನ ಕೊಡುತ್ತದೆ, ಯಾವುದಕ್ಕೆ ದಂಡ ಹಾಕುತ್ತದೆ, ಯಾವುದನ್ನು ನೋಡಿಯೂ ನೋಡದ ಹಾಗೆ ಬಿಡುತ್ತದೆ.

ಹೆಜ್ಜೆ 3: ಒಂದೇ ದೃಶ್ಯ ಹಿಡಿದು ಕೂರಿ

ಇಡೀ ಗೇಮ್ ಬಗ್ಗೆ ಬರೆಯಲು ಹೋದರೆ ಯಾವುದೂ ಕೈಗೆ ಸಿಗುವುದಿಲ್ಲ. ಹೆಜ್ಜೆ 1ರಲ್ಲಿ ಗುರುತು ಹಾಕಿದ ಜಾಗಗಳಲ್ಲಿ ಒಂದನ್ನು ಆರಿಸಿ. ಮತ್ತೆ ಆಡಿ, ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಈ ಪ್ರಶ್ನೆ ಕೇಳಿ: ಈಗ ಯಾರ ದೇಹ ನನ್ನ ಕೈಯಲ್ಲಿದೆ? ಕ್ಯಾಮೆರಾ ನನ್ನದೋ, ಆಟದ್ದೋ? ಇಷ್ಟು ಹೊತ್ತು ಮಾಡಲು ಬರುತ್ತಿದ್ದ ಯಾವ ಕೆಲಸ ಈಗ ಬರುತ್ತಿಲ್ಲ? ಸುಮ್ನೆ ನಿಂತರೆ ಏನಾಗುತ್ತದೆ? ಕೊನೆಯದನ್ನು ಮರೆಯಬೇಡಿ. ನಿಜವಾಗಿಯೂ ಕಂಟ್ರೋಲರ್ ಕೆಳಗಿಟ್ಟು ಕಾದು ನೋಡಿ.

ನಾಟಿ ಡಾಗ್‌ನವರ ‘ದ ಲಾಸ್ಟ್ ಆಫ್ ಅಸ್’ (2013) ಕೊನೆಯ ಬಗ್ಗೆ ಇವತ್ತಿಗೂ ಜಗಳ ಮುಗಿದಿಲ್ಲ. ಸೋಂಕಿಗೆ ಔಷಧಿ ಮಾಡಲು ಡಾಕ್ಟರುಗಳು ಒಬ್ಬ ಹುಡುಗಿಯ ಜೀವ ತೆಗೆಯಲು ಹೊರಟಿರುತ್ತಾರೆ. ಅವಳನ್ನು ಅಲ್ಲಿಗೆ ಕರೆತಂದ ಜೋಯೆಲ್ (ಹೆಚ್ಚಿನ ಹೊತ್ತು ನಾವು ಆಡುವ ಪಾತ್ರ) ಅವಳನ್ನು ಉಳಿಸಲು ಆಸ್ಪತ್ರೆಯಲ್ಲಿ ಅಡ್ಡ ಬಂದವರನ್ನು ಕೊಲ್ಲುತ್ತಾನೆ, ಆಮೇಲೆ ಅಲ್ಲಿ ನಡೆದದ್ದರ ಬಗ್ಗೆ ಅವಳಿಗೆ ಸುಳ್ಳು ಹೇಳುತ್ತಾನೆ. ಅವನು ಮಾಡಿದ್ದು ಸರಿಯೋ ತಪ್ಪೋ? (ಹುಡುಗಿಯ ಹೆಸರನ್ನು ಕನ್ನಡದಲ್ಲಿ ‘ಎಲ್ಲಿ’ ಅಂತ ಬರೆದರೆ ಪ್ರತಿ ವಾಕ್ಯವೂ ಪ್ರಶ್ನೆಯಾಗುತ್ತದೆ. ಅದಕ್ಕೆ ಎಲೀ ಅಂತ ಬರೆಯುತ್ತೇನೆ.) ಸರಿ-ತಪ್ಪಿನ ಚರ್ಚೆ ಕೆಟ್ಟದ್ದಲ್ಲ. ಆದರೆ ಆಡದೆಯೂ ಅದನ್ನು ಮಾಡಬಹುದು.

ಮೇಲಿನ ಪ್ರಶ್ನೆ ಇಟ್ಟು ನೋಡಿ. ಆಪರೇಷನ್ ಕೋಣೆಯಲ್ಲಿ ಡಾಕ್ಟರ್ ಚಿಕ್ಕ ಕತ್ತಿ ಹಿಡಿದು ಅಡ್ಡ ನಿಂತಿದ್ದಾನೆ. ಸುಮ್ನೆ ನಿಂತರೆ ಕಥೆ ಮುಂದೆ ಹೋಗುವುದಿಲ್ಲ. ಅವನನ್ನು ಕೊಲ್ಲಲೇಬೇಕು. ‘ಆಯ್ಕೆ ಕೊಡಲಿಲ್ಲ, ಇದು ದೋಷ’ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜೋಯೆಲ್‌ಗೆ ಅಲ್ಲಿ ಬೇರೆ ದಾರಿಯೇ ಕಾಣುತ್ತಿಲ್ಲ, ಆಟ ನಿಮಗೂ ಕಾಣಿಸುವುದಿಲ್ಲ. ಅವನ ಕುರುಡುತನ ನಿಮ್ಮ ಕಂಟ್ರೋಲರ್‌ಗೆ ಬಂದಿದೆ.

ಅದಕ್ಕಿಂತ ದೊಡ್ಡದು ಮುಂದಿದೆ. ಕೊನೆಯ ಸಣ್ಣ ಭಾಗದಲ್ಲಿ, ಬೆಟ್ಟದ ದಾರಿಯಲ್ಲಿ, ಜೋಯೆಲ್ ಮುಂದೆ ಹೋಗುತ್ತಿದ್ದಾನೆ. ನಿಮ್ಮ ಕೈಯಲ್ಲಿರುವುದು ಅವನಲ್ಲ, ಎಲೀ. ಅವನ ಬೆನ್ನು ನೋಡುತ್ತಾ ಹಿಂದೆ ಹತ್ತುತ್ತೀರಿ. ಅದಾದ ಮೇಲೆ ಸುಳ್ಳು. ಅಷ್ಟು ಹೊತ್ತು ಜೋಯೆಲ್ ಆಗಿ ಕೊಂದವರು ನೀವು, ಈಗ ಸುಳ್ಳು ಕೇಳಿಸಿಕೊಳ್ಳುವ ಜಾಗದಲ್ಲಿರುವವರೂ ನೀವೇ. ಹಿಂದಕ್ಕೆ ಹೋಗಿ ಆಟದ ಆರಂಭ ನೆನಪಿಸಿಕೊಳ್ಳಿ. ಅಲ್ಲಿ ಮೊದಲು ನಿಮ್ಮ ಕೈಗೆ ಬರುವುದೂ ಜೋಯೆಲ್ ಅಲ್ಲ. ಅವನ ಮಗಳು ಸಾರಾ, ರಾತ್ರಿ ಎದ್ದು ಅಪ್ಪನನ್ನು ಹುಡುಕುತ್ತಾ ಮನೆ ಸುತ್ತುತ್ತಾಳೆ. ಒಂದು ಮಗುವಿನ ಕೈಯಿಂದ ಶುರುವಾದ ಆಟ ಇನ್ನೊಂದು ಮಗುವಿನ ಕೈಯಲ್ಲಿ ಮುಗಿಯುತ್ತದೆ. ಸರಿ-ತಪ್ಪಿನ ಚರ್ಚೆ ಈಗ ಮಾಡಿ, ಅದರ ಬಣ್ಣವೇ ಬೇರೆ.

ಹೆಜ್ಜೆ 4: ಎರಡನೇ ಸಲ ತಿರುಗಾಮುರುಗಾ ಆಡಿ

ಪೂರ್ತಿ ಆಡಬೇಕಿಲ್ಲ. ಮುಖ್ಯ ಆಯ್ಕೆಗಳಿರುವ ಕಡೆ ಮೊದಲು ಮಾಡಿದ್ದರ ಉಲ್ಟಾ ಮಾಡಿ. ಒಳ್ಳೆಯವರಾಗಿದ್ದರೆ ಕೆಟ್ಟವರಾಗಿ, ಮಾತಾಡಿದ್ದರೆ ಸುಮ್ಮನಿರಿ.

ಟೆಲ್‌ಟೇಲ್‌ನ ‘ದ ವಾಕಿಂಗ್ ಡೆಡ್’ (2012) ಹೀಗೆ ಆಡಿದವರಿಗೆ ಮೋಸ ಹೋದ ಹಾಗೆ ಅನಿಸುತ್ತದೆ. ಮೊದಲ ಎಪಿಸೋಡ್‌ನಲ್ಲಿ ಡಗ್, ಕಾರ್ಲಿ ಇಬ್ಬರಲ್ಲಿ ಒಬ್ಬರನ್ನು ಉಳಿಸಬೇಕು. ಯಾರನ್ನೇ ಉಳಿಸಿ, ಮೂರನೇ ಎಪಿಸೋಡ್‌ನಲ್ಲಿ ಅವರೂ ಸಾಯುತ್ತಾರೆ. ಹಾಗಾದರೆ ಆಯ್ಕೆ ಬರೀ ನಾಟಕವೇ? ಇಲ್ಲಿ ಅವಸರಪಡಬೇಡಿ. ಈ ಆಟದಲ್ಲಿ ಪರದೆಯ ಮೂಲೆಯಲ್ಲಿ ಆಗಾಗ ಒಂದು ಸಾಲು ಬರುತ್ತದೆ, ಕ್ಲೆಮೆಂಟೈನ್ ಇದನ್ನು ನೆನಪಿಟ್ಟುಕೊಳ್ಳುತ್ತಾಳೆ ಅಂತ. ಅವಳು ಎಂಟು ವರ್ಷದ ಹುಡುಗಿ, ಪಕ್ಕದಲ್ಲೇ ನಿಂತು ನೋಡುತ್ತಿದ್ದಾಳೆ. ಆ ಸಾಲು ಬಂದಾಗ ನಾನು ಮುಂದಿನ ಡೈಲಾಗ್ ಆರಿಸುತ್ತಿದ್ದದ್ದು ಕಥೆ ತಿರುಗಿಸಲು ಅಲ್ಲ, ಮಗು ಕೇಳಿಸಿಕೊಳ್ಳುತ್ತಿದೆ ಅನ್ನುವ ಕಾರಣಕ್ಕೆ. ಆಯ್ಕೆ ಕಥೆಯನ್ನು ಬದಲಿಸದಿದ್ದರೂ ಆಡುವವರ ನಾಲಿಗೆಯನ್ನು ಬದಲಿಸಬಹುದು. ನಿಮಗೆ ಹಾಗಾಗದೆ ಬರೀ ಮೋಸ ಅನಿಸಿದ್ದರೆ ಅದನ್ನೇ ಬರೆಯಿರಿ. ಆದರೆ ಎರಡೂ ಸಲ ಆಡಿ ನೋಡಿ ಬರೆಯಿರಿ.

ಹೆಜ್ಜೆ 5: ಕಥೆಗೂ ಕೈಗೂ ಜಗಳ ಇದೆಯಾ ನೋಡಿ

ಗೇಮ್ ಲೋಕದಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಒಂದು ದೊಡ್ಡ ಪದ ಇದೆ: ಲೂಡೋನರೇಟಿವ್ ಡಿಸೊನೆನ್ಸ್. ಅಂದರೆ ಕಥೆ ಹೇಳುವುದಕ್ಕೂ ಆಟ ಮಾಡಿಸುವುದಕ್ಕೂ ತಾಳಮೇಳ ಇಲ್ಲದಿರುವುದು. ಗೇಮ್ ಡಿಸೈನರ್ ಕ್ಲಿಂಟ್ ಹಾಕಿಂಗ್ 2007ರಲ್ಲಿ ‘ಬಯೋಶಾಕ್’ ಬಗ್ಗೆ ಬರೆಯುತ್ತಾ ಬಳಸಿದ್ದು. ಅವರ ಆಕ್ಷೇಪ ಸರಳ. ಆಟದ ನಿಯಮ ‘ನಿನ್ನ ಲಾಭ ನೋಡಿಕೋ’ ಅನ್ನುತ್ತದೆ, ಬೇಕಿದ್ದರೆ ಹಾಗೆ ಮಾಡಲು ಬಿಡುತ್ತದೆ ಕೂಡ. ಕಥೆ ಮಾತ್ರ ನಿಮ್ಮನ್ನು ಕೇಳದೆಯೇ ಇನ್ನೊಬ್ಬನಿಗೆ ನೆರವಾಗುವ ದಾರಿಗೆ ತಳ್ಳುತ್ತದೆ. ನಮ್ಮ ಕಡೆಯ ಗಾದೆಯಲ್ಲಿ ಹೇಳುವುದಾದರೆ, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

‘ಅನ್‌ಚಾರ್ಟೆಡ್’ ಸರಣಿಗೆ ಈ ಮಾತು ಜಾಸ್ತಿ ಅಂಟಿಕೊಂಡಿತು. ಕಥೆಯಲ್ಲಿ ನಗುನಗುತ್ತಾ ಇರುವ ಸರಳ ಮನುಷ್ಯ, ಆಟದಲ್ಲಿ ನೂರಾರು ಜನರನ್ನು ಕೊಲ್ಲುತ್ತಾನೆ. 2016ರ ನಾಲ್ಕನೇ ಭಾಗದಲ್ಲಿ ಮಾಡಿದವರೇ ತಮಾಷೆಗೆ 1,000 ಶತ್ರುಗಳನ್ನು ಮುಗಿಸಿದವರಿಗೆ ಅದೇ ಹೆಸರಿನ ಟ್ರೋಫಿ ಇಟ್ಟರು. ನಕ್ಕುಬಿಟ್ಟರೆ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ ಅನ್ನುವುದು ಬೇರೆ ಮಾತು.

ಪದ ಗೊತ್ತಾದ ಕೂಡಲೇ ಸಿಕ್ಕಿದ್ದಕ್ಕೆಲ್ಲ ಅಂಟಿಸಬೇಡಿ. ನಾನೂ ಒಂದು ಕಾಲದಲ್ಲಿ ಅಂಟಿಸುತ್ತಿದ್ದೆ. ಜಗಳ ಎಲ್ಲಿದೆ ಅಂತ ಒಂದು ನಿಯಮ, ಒಂದು ದೃಶ್ಯ ಹೆಸರಿಸಲು ಬರದಿದ್ದರೆ ಆ ಪದ ಬಿಟ್ಟುಬಿಡಿ. ಜಗಳ ಬೇಕೆಂದೇ ಇಟ್ಟಿದ್ದಾರೆಯೇ ಅಂತಲೂ ಕೇಳಿ.

ಹೆಜ್ಜೆ 6: ಒಂದು ವಾಕ್ಯ, ಆಮೇಲೆ ಬರಹ

ಬರೆಯಲು ಕೂರುವ ಮುನ್ನ ನಿಮ್ಮ ಮಾತನ್ನು ಒಂದು ವಾಕ್ಯಕ್ಕೆ ಇಳಿಸಿ. ನನ್ನದು: ‘ಪೇಪರ್ಸ್, ಪ್ಲೀಸ್ ಕರುಣೆಗೆ ದಿನಕ್ಕೆ ಎರಡರಂತೆ ರೇಷನ್ ಕೊಡುತ್ತದೆ, ಅದನ್ನು ಉಳಿಸಲು ಹೋಗಿ ನಾವು ಕಠಿಣರಾಗುತ್ತೇವೆ.’

ಈಗ ಎರಡು ಪರೀಕ್ಷೆ. ಒಂದು, ‘ಗೇಮ್’ ಇರುವ ಕಡೆ ‘ಸಿನಿಮಾ’ ಅಂತ ಹಾಕಿ ಓದಿ. ಆಗಲೂ ವಾಕ್ಯ ಹೊಂದಿದರೆ ನೀವಿನ್ನೂ ಗೇಮ್ ಬಗ್ಗೆ ಮಾತಾಡಿಲ್ಲ. ‘ಯುದ್ಧದ ಭೀಕರತೆಯನ್ನು ತೋರಿಸುತ್ತದೆ’ ಎಂಬಂಥ ಮಾತುಗಳೆಲ್ಲ ಇಲ್ಲೇ ಬಿದ್ದುಹೋಗುತ್ತವೆ. ಎರಡು, ಆಡಿದ ಯಾರಾದರೂ ‘ನಾನು ಒಪ್ಪಲ್ಲ’ ಅನ್ನಲು ಜಾಗ ಇದೆಯಾ? ನನ್ನ ವಾಕ್ಯಕ್ಕೆ ಇದೆ. ಚೀಟಿ ಮುಗಿದ ಮೇಲೂ ದಂಡ ಕಟ್ಟಿ ಜನರನ್ನು ಬಿಟ್ಟವರು ಇದ್ದೇ ಇರುತ್ತಾರೆ. ಅವರ ಮಾತಿಗೆ ಒಂದು ಪ್ಯಾರಾ ಕೊಡಬೇಕು. ಯಾರೂ ಅಲ್ಲ ಅನ್ನದ ಮಾತು ಬರೆದು ಪ್ರಯೋಜನ ಇಲ್ಲ.

ಕಥಾಸಾರ ಐದಾರು ಸಾಲು ಮೀರದಿರಲಿ. ಸ್ಪಾಯ್ಲರ್ ಎಷ್ಟರವರೆಗೆ ಅಂತ ಮೊದಲೇ ಹೇಳಿ. ‘ನಾಯಕ ಕೊಂದ’, ‘ನಾನು ಕೊಂದೆ’ – ಇವುಗಳಲ್ಲಿ ಯಾವುದು ಬಳಸುತ್ತೀರಿ ಅನ್ನುವುದನ್ನು ಯೋಚಿಸಿ ಬಳಸಿ. ಕಟ್‌ಸೀನ್‌ನಲ್ಲಿ (ನಾವು ಆಡದೆ ಬರೀ ನೋಡುವ ದೃಶ್ಯದಲ್ಲಿ) ನಡೆದದ್ದಕ್ಕೆ ನಾಯಕನ ಹೆಸರು, ನಿಮ್ಮ ಕೈಯಿಂದ ನಡೆದದ್ದಕ್ಕೆ ‘ನಾನು’. ಎಲ್ಲ ಕಡೆ ಇದು ಅಚ್ಚುಕಟ್ಟಾಗಿ ಕೂರುವುದಿಲ್ಲ. ಯಾವುದು ಹಾಕಬೇಕು ಅಂತ ಗೊಂದಲವಾದ ಜಾಗದಲ್ಲೇ ಹೆಚ್ಚಾಗಿ ಬರೆಯುವ ವಿಷಯ ಸಿಗುತ್ತದೆ.

ಹೆಜ್ಜೆ 7: ಚರ್ಚೆಗೆ ಕೂತಾಗ

ನಾಲ್ಕು ಜನ ಸೇರಿ ಮಾತಾಡುವಾಗ ‘ಹೇಗಿತ್ತು?’ ಅಂತ ಶುರುಮಾಡಬೇಡಿ. ‘ನೀನೇನು ಮಾಡಿದೆ?’ ಅಂತ ಶುರುಮಾಡಿ. ಅಭಿಪ್ರಾಯ ಕೇಳಿದರೆ ಜನ ಎಲ್ಲೋ ಓದಿದ್ದನ್ನು ಹೇಳುತ್ತಾರೆ. ಮಾಡಿದ್ದನ್ನು ಕೇಳಿದರೆ ತಮ್ಮದನ್ನೇ ಹೇಳಬೇಕಾಗುತ್ತದೆ. ಒಬ್ಬೊಬ್ಬರ ಆಟ ಎಷ್ಟು ಬೇರೆ ಅನ್ನುವುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಯೂಟ್ಯೂಬ್‌ನಲ್ಲಿ ಪೂರ್ತಿ ನೋಡಿ ಬಂದವರು ಒಬ್ಬರಾದರೂ ಇರುತ್ತಾರೆ. ಅವರನ್ನು ಓಡಿಸಬೇಡಿ. ಆದರೆ ‘ಈಡಿತ್ ಫಿಂಚ್’ (2017) ಆಟದ ಲೂಯಿಸ್ ಭಾಗದಂಥದ್ದರಲ್ಲಿ ಅವರಿಗೆ ಸಿಕ್ಕಿದ್ದು ಕಮ್ಮಿ. ಲೂಯಿಸ್ ಮೀನಿನ ಕಾರ್ಖಾನೆಯಲ್ಲಿ ಕೆಲಸಗಾರ. ನಿಮ್ಮ ಬಲಗೈ ಮೀನು ಎಳೆದು ತಲೆ ಕತ್ತರಿಸಿ ಆಚೆ ತಳ್ಳುತ್ತಿರಬೇಕು. ಎಡಗೈ ಅವನ ಕನಸಿನ ರಾಜ್ಯದಲ್ಲಿ ಅವನನ್ನು ನಡೆಸುತ್ತಿರಬೇಕು. ಬರಬರುತ್ತಾ ಕನಸು ಪರದೆ ತುಂಬಾ ಹರಡಿಕೊಳ್ಳುತ್ತದೆ. ಬಲಗೈ ಮಾತ್ರ ನೋಡದೆಯೂ ಕತ್ತರಿಸುತ್ತಲೇ ಇರುತ್ತದೆ. ನೋಡುವವರಿಗೆ ಅದು ಚೆಂದದ ಅನಿಮೇಷನ್. ಆಡುವವರಿಗೆ, ತನ್ನ ಬಲಗೈಯನ್ನೇ ತಾನು ಮರೆತ ಕ್ಷಣ. ಅವನ ಕೊನೆ ಅಷ್ಟು ತಟ್ಟುವುದಕ್ಕೆ ಈ ಮರೆವೇ ಕಾರಣ.

ಎಂಡಿಂಗ್ ಬಗ್ಗೆ ಜಗಳ ಬಂದರೆ ಸಿಟ್ಟನ್ನು ಎರಡು ಪಾಲು ಮಾಡಿ. 2012ರ ಮಾರ್ಚ್‌ನಲ್ಲಿ ‘ಮಾಸ್ ಎಫೆಕ್ಟ್ 3’ ಬಂದಾಗ ಕೊನೆಯ ಬಗ್ಗೆ ಎಷ್ಟು ಗಲಾಟೆ ಆಯಿತೆಂದರೆ ಜೂನ್‌ನಲ್ಲಿ ಕೊನೆಯನ್ನು ಹಿಗ್ಗಿಸಿ ಪುಕ್ಕಟೆಯಾಗಿ ಮತ್ತೆ ಕೊಟ್ಟರು. ಆ ಗಲಾಟೆಯಲ್ಲಿ ‘ನಾಯಕ ಸಾಯಬಾರದಿತ್ತು’ ಎಂಬ ದೂರು ಒಂದು. ‘2007ರಿಂದ ಮೂರು ಆಟಗಳಲ್ಲಿ ಒಂದೇ ಸೇವ್ ಫೈಲ್ ಹೊತ್ತುಕೊಂಡು ಬಂದೆ, ನನ್ನ ನಿರ್ಧಾರಗಳು ಲೆಕ್ಕಕ್ಕೆ ಬರುತ್ತವೆ ಅಂದಿರಿ, ಕೊನೆಗೆ ಎಲ್ಲರನ್ನೂ ಅದೇ ಎರಡು ಮೂರು ದಾರಿಗೆ ತಂದು ನಿಲ್ಲಿಸಿದಿರಿ’ ಎಂಬ ದೂರು ಇನ್ನೊಂದು. ಮೊದಲನೆಯದು ಬೇಜಾರು. ಎರಡನೆಯದು ವಿಮರ್ಶೆ. ಆಟವೇ ಕೊಟ್ಟ ಮಾತನ್ನು ಅದರ ಮುಂದೆ ಹಿಡಿಯುತ್ತದೆ.

ತಿದ್ದುವಾಗ

ಕೊನೆಗೆ ನನ್ನ ಆ ನಾಲ್ಕು ಪುಟದ ಗತಿ ಹೇಳಿಬಿಡುತ್ತೇನೆ. ಮೊದಲಿನ ಆರಂಭ ಹೀಗಿತ್ತು:

‘ಪೇಪರ್ಸ್, ಪ್ಲೀಸ್ ನಿರಂಕುಶ ಪ್ರಭುತ್ವದಲ್ಲಿ ಸಾಮಾನ್ಯ ಮನುಷ್ಯನ ಅಸಹಾಯಕತೆಯನ್ನು ಮನಮುಟ್ಟುವಂತೆ ಚಿತ್ರಿಸುವ ಒಂದು ಅಪರೂಪದ ಕೃತಿ.’

ಮೂರನೇ ಸಲ ತಿದ್ದಿದ ಮೇಲೆ ಹೀಗಾಯಿತು:

‘ಅವಳ ಗಂಡನನ್ನು ಅದಾಗಲೇ ಒಳಗೆ ಬಿಟ್ಟಿದ್ದೆ. ಅವಳ ಹತ್ತಿರ ಪರವಾನಗಿ ಇರಲಿಲ್ಲ. ನಾನು ಅವಳ ಮುಖ ನೋಡಲಿಲ್ಲ. ಅವತ್ತು ಎಷ್ಟು ಎಚ್ಚರಿಕೆ ಚೀಟಿ ಬಂದಿವೆ ಅಂತ ನೆನಪು ಮಾಡಿಕೊಂಡೆ. ಒಂದು. ಹಸಿರು ಠಸ್ಸೆ ಒತ್ತಿದೆ. ಅವಳು ಥ್ಯಾಂಕ್ಸ್ ಹೇಳುವಾಗ ಪ್ರಿಂಟರ್ ಕಟಕಟ ಅನ್ನುವುದನ್ನೇ ಕಾಯುತ್ತಿದ್ದೆ.’

ಎರಡನೇ ವಾಕ್ಯ ಇನ್ನೂ ಸಡಿಲ ಅನಿಸುತ್ತದೆ. ಪರವಾನಗಿ ಇಲ್ಲ ಅನ್ನುವುದು ಚೀಟಿಯ ಮಾತಿನಲ್ಲೇ ಬರುತ್ತದಲ್ಲ, ಅದನ್ನು ತೆಗೆದುಬಿಡಬಹುದು.